ಕಬ್ಬಿನ ಗರಿಯಲ್ಲಿ ಬಿಳಿ ಗೂಡು ಕಂಡರೆ ಔಷಧಿ ಹೊಡೀಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಕೃಷಿ ಪುಟದಲ್ಲಿ ಕಬ್ಬಿನ ಜಿಗಿಹುಳದ ಬಗ್ಗೆ ಬಂದ ಬರಹ ಓದಿದೆ. ಯಾವ ಔಷಧಿ, ಎಷ್ಟು ಎಂಎಲ್ ಎಲ್ಲಾ ಇತ್ತು. ಆ ಹುಳವನ್ನೇ ತಿಂದು ಬದುಕುವ ಪತಂಗದ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ.

ನಮ್ಮದು ಹರಿಹರದ ಕಡೆ, ಭದ್ರಾ ನಾಲೆ ನೀರಿನ ಎರಡೆಕರೆ ಕಬ್ಬು. ಹೋದ ವರ್ಷ ಮಳೆ ಬಿಟ್ಟಮೇಲೆ ಗದ್ದೆಗೆ ಕಾಲಿಟ್ಟರೆ ಸಾಕು, ಪಟಪಟ ಅಂತ ಹುಳ ಮುಖಕ್ಕೇ ಹಾರುತ್ತಿತ್ತು. ಒಣಹುಲ್ಲಿನ ಬಣ್ಣ, ಮುಂದೆ ಚೂಪು ಮೂತಿ. ಪೈರಿಲ್ಲಾ ಅಂತಾರಲ್ಲ, ಅದೇ. ಗರಿಯ ರಸ ಹೀರಿ ಸಿಹಿ ಅಂಟು ಸುರಿಸುತ್ತೆ, ಅದರ ಮೇಲೆ ಕಾಡಿಗೆ ಬಳಿದ ಹಾಗೆ ಕಪ್ಪು ಬೂಸ್ಟು ಕೂರುತ್ತೆ. ಗರಿಗಳಲ್ಲಿ ಅಕ್ಕಿಕಾಳಿನಂಥ ಬಿಳಿ ಗೂಡುಗಳೂ ಇದ್ದವು. ಒಂದು ಗರಿ ಕಿತ್ತು ಔಷಧಿ ಅಂಗಡಿಗೆ ಒಯ್ದೆ. "ಇದು ಹುಳದ್ದೇ ಮೊಟ್ಟೆ, ಎರಡು ಸಲ ಹೊಡೀಬೇಕು" ಅಂದರು. ಎರಡು ಬಾಟಲಿ ತಂದು ಒಂದು ಸಲ ಹೊಡೆಸಿಬಿಟ್ಟೆ.

ಪಕ್ಕದವರು ಹೊಡೆಸಿರಲಿಲ್ಲ. ತಿಳಿದು ಬಿಟ್ಟಿದ್ದಲ್ಲ, ಕೈಯಲ್ಲಿ ದುಡ್ಡಿರಲಿಲ್ಲ ಅಷ್ಟೇ. ಅವರ ಕಬ್ಬಿನಲ್ಲಿ ಒಂದು ಜಿಗಿಹುಳ ಹಿಡಿದು ನೋಡಿದರೆ ಮೈಗೆ ಹತ್ತಿ ಮೆತ್ತಿದ ಹಾಗೆ ಬಿಳಿ ಮುದ್ದೆ, ಕಡ್ಡಿಯಿಂದ ಮುಟ್ಟಿದರೆ ಮಿಸುಕಾಡಿತು! ಆಮೇಲೆ ಕೇಳಿ ತಿಳಿದೆ, ಅದು ಎಪಿರಿಕೇನಿಯಾ ಅನ್ನೋ ಪುಟ್ಟ ಪತಂಗದ ಮರಿ. ಜಿಗಿಹುಳದ ಮೈಗೆ ಕಚ್ಚಿಕೊಂಡೇ ಸವಾರಿ ಮಾಡುತ್ತಾ, ಒಳಗಿನ ರಸ ಹೀರಿ ಬೆಳೆದು, ಕೊನೆಗೆ ಇಳಿದು ಗರಿಯ ಮೇಲೆ ಬಿಳಿ ಗೂಡು ಕಟ್ಟುತ್ತೆ. ನಾನು ಅಂಗಡಿಗೆ ಒಯ್ದಿದ್ದು ಅದೇ ಗೂಡು. ಹುಳದ ಜೊತೆ ಹುಳದ ಶತ್ರುವನ್ನೂ ದುಡ್ಡು ಕೊಟ್ಟು ಕೊಲ್ಲಿಸಿದ್ದೆ.

ಇದೇನು ಹೊಸ ವಿಷಯ ಅಲ್ಲ. ಇಂಥ ಪತಂಗದ ಬಗ್ಗೆ ವೆಸ್ಟ್‌ವುಡ್ ಅನ್ನೋ ಇಂಗ್ಲಿಷ್ ವಿಜ್ಞಾನಿ 1876ರಲ್ಲೇ ಬರೆದಿದ್ದ. ನಮ್ಮ ದೇಶದಲ್ಲೂ ಗೂಡಿರುವ ಗರಿ ತುಂಡು ಮಾಡಿ, ಹುಳ ಜಾಸ್ತಿ ಇರುವ ಗದ್ದೆಯ ಕಬ್ಬಿಗೆ ಸಿಕ್ಕಿಸುವ ಪದ್ಧತಿ ಇದೆ. ನಾವು ಕಟಾವಾದ ಮೇಲೆ ರವದಿಗೆ, ಅಂದರೆ ಗದ್ದೆಯಲ್ಲಿ ಉಳಿದ ಒಣಗರಿಗೆ, ಬೆಂಕಿ ಇಡ್ತೀವಲ್ಲ, ಆಗಲೂ ಗೂಡುಗಳು ಸುಟ್ಟುಹೋಗುತ್ತವೆ.

ಗೊಂದಲ ಆಗೋದು ಸಹಜ, ಪೈರಿಲ್ಲಾ ತನ್ನ ಮೊಟ್ಟೆಗೂ ಬಿಳಿ ನೂಲು ಮುಚ್ಚುತ್ತೆ. ಅದಕ್ಕೇ ಮೊಟ್ಟೆ, ಗೂಡು ಎರಡರ ಫೋಟೊನೂ ಅಕ್ಕಪಕ್ಕ ಹಾಕಿ, ಕಪ್ಪುಬಿಳುಪಿನಲ್ಲಿ ಬೇಡ, ದೊಡ್ಡದಾಗಿ ಬಣ್ಣದಲ್ಲೇ ಹಾಕಿ. ನಮ್ಮಂಥವರು ಪೇಪರ್ ಹಿಡಿದೇ ಗದ್ದೆಗೆ ಹೋಗಿ ಹೋಲಿಸಿ ನೋಡ್ತೀವಿ.

ಎರಡನೇ ಬಾಟಲಿ ಇನ್ನೂ ಕೊಟ್ಟಿಗೆಯಲ್ಲೇ ಇದೆ. ಅಂಗಡಿಯವರು ವಾಪಸ್ ತಗೊಳ್ಳೋಲ್ಲ ಅಂದರು.

– ಒಬ್ಬ ಕಬ್ಬು ಬೆಳೆಗಾರ, ದಾವಣಗೆರೆ ಜಿಲ್ಲೆ