ಕೊಕ್ಕರೆ ರೋಗ: ‘ಪಾಸಿಟಿವ್’ ಚೀಟಿಯೊಂದೇ ಸಾಲದು

ಮಾನ್ಯ ಸಂಪಾದಕರೇ,

ಲಸಿಕೆ ಹಾಕಿಸಿದ ಕೋಳಿಗಳೇ ಕತ್ತು ತಿರುಚಿಕೊಂಡು, ಹಸಿರು ಭೇದಿ ಮಾಡಿ ಸಾಯತೊಡಗಿದರೆ ದಾವಣಗೆರೆ, ಹರಿಹರ, ಹಿರಿಯೂರು ಕಡೆಯ ಫಾರಂಗಳಲ್ಲಿ ಮೊದಲು ಬರುವ ಮಾತು ‘ವೈರಸ್ ಬದಲಾಗಿದೆ, ಹಳೇ ಲಸಿಕೆ ನಾಟುತ್ತಿಲ್ಲ’ ಎಂಬುದು. ಮಾತು ಅರ್ಧ ನಿಜ. ಉಳಿದರ್ಧ ತಿಳಿಯಬೇಕಾದರೆ ವೈರಸ್ಸಿನ ಜೀನ್ ಓದಬೇಕು.

ಕೊಕ್ಕರೆ ರೋಗ, ಅಂದರೆ ರಾಣಿಖೇತ್ ರೋಗದ ವೈರಸ್ಸಿನಲ್ಲಿರುವುದು ಸುಮಾರು 15,000 ಅಕ್ಷರಗಳ ಆರ್‌ಎನ್‌ಎ, ಆರು ಜೀನುಗಳು. ಮರಿಗಳ ಕಣ್ಣಿಗೆ ಬಿಡುವ ಎಫ್1, ಲಸೋಟ ಲಸಿಕೆಗಳೂ ಇದೇ ವೈರಸ್ಸಿನ ಸೌಮ್ಯ ತಳಿಗಳು. ಹಾಗಾಗಿ ಲಸಿಕೆಯಾದ ಕೆಲವೇ ದಿನಗಳಲ್ಲಿ ಗಂಟಲ ಸ್ವಾಬ್ ತೆಗೆದು ಸಾಮಾನ್ಯ ಪಿಸಿಆರ್ (ವೈರಸ್ಸಿನ ಜೀನ್ ಪತ್ತೆಹಚ್ಚುವ ಪರೀಕ್ಷೆ) ಮಾಡಿದರೆ ಗಟ್ಟಿಮುಟ್ಟಾದ ಕೋಳಿಯೂ ‘ಪಾಸಿಟಿವ್’ ಬಂದೀತು. ವ್ಯತ್ಯಾಸ ತೋರಿಸುವುದು ಎಫ್ ಜೀನ್. ಅದು ಹೇಳಿದಂತೆ ತಯಾರಾಗುವ ಪ್ರೋಟೀನನ್ನು ಕೋಳಿಯ ಕಿಣ್ವವೊಂದು ಸೀಳಿದರೆ ಮಾತ್ರ ವೈರಸ್ ಜೀವಕೋಶದೊಳಗೆ ನುಗ್ಗಬಲ್ಲದು. ಅದರ ಪ್ರೋಟೀನಿನ 112ರಿಂದ 117ನೇ ಅಮೈನೋ ಆಮ್ಲದ ಜಾಗದಲ್ಲಿ ಆರ್ಜಿನೈನ್, ಲೈಸಿನ್ ಒತ್ತಾಗಿದ್ದು ಕೊನೆಗೆ ಫಿನೈಲ್‌ಅಲನೈನ್ ಇದ್ದರೆ, ಮೈಯ ಎಲ್ಲ ಅಂಗಗಳಲ್ಲೂ ಇರುವ ಫ್ಯೂರಿನ್ ಕಿಣ್ವ ಅದನ್ನು ಸೀಳುತ್ತದೆ. ವೈರಸ್ ಮಿದುಳಿನವರೆಗೂ ಏರುತ್ತದೆ. ಲಸೋಟದಲ್ಲಿ 117ನೆಯದು ಲ್ಯೂಸಿನ್. ಅದನ್ನು ಸೀಳುವ ಕಿಣ್ವ ಶ್ವಾಸನಾಳ, ಕರುಳುಗಳಲ್ಲಷ್ಟೇ ಸಿಗುವುದರಿಂದ ವೈರಸ್ ಅಲ್ಲಿಗೇ ನಿಲ್ಲುತ್ತದೆ.

ಇಷ್ಟಕ್ಕೇ ವರದಿ ಬರೆದರೂ ಎಡವಟ್ಟಾಗಬಹುದು. 8ನೇ ವಾರ ಚುಚ್ಚುವ ಆರ್2ಬಿ ಲಸಿಕೆ ನಡುಮಟ್ಟದ ಉಗ್ರತೆಯದು. ಅದರ ಸೀಳುಜಾಗವೂ ಉಗ್ರ ವೈರಸ್ಸಿನಂತೆಯೇ ಇದೆ. ಆ ಆರು ಅಮೈನೋ ಆಮ್ಲಗಳನ್ನಷ್ಟೇ ನೋಡಿದರೆ ಲಸಿಕೆಯೇ ರೋಗವಾಗಿ ಕಾಣುತ್ತದೆ. 1,662 ಅಕ್ಷರಗಳ ಎಫ್ ಜೀನನ್ನು ಪೂರ್ತಿ ಓದಿದರೆ ಲಸೋಟ 2ನೇ ಜೀನೋಟೈಪ್ (ಜೀನಿನ ಹೋಲಿಕೆ ನೋಡಿ ಮಾಡಿದ ಗುಂಪು), ಆರ್2ಬಿ 3ನೆಯದು ಎಂದು ಬೇರೆಯಾಗುತ್ತವೆ. ದೇಶದಲ್ಲಿ ಈಗ ಹರಡುತ್ತಿರುವ ಉಗ್ರ ವೈರಸ್ ಹೆಚ್ಚಾಗಿ 13ನೇ ಜೀನೋಟೈಪಿನದು.

ಹಾಗೆಂದು ಲಸಿಕೆ ದಂಡವಲ್ಲ. ಜೀನೋಟೈಪ್ ಬೇರೆಯಾದರೂ ಸೀರೋಟೈಪ್, ಅಂದರೆ ಕೋಳಿಯ ರೋಗನಿರೋಧಕ ಶಕ್ತಿ ವೈರಸ್ಸನ್ನು ಗುರುತಿಸುವ ಬಗೆ, ಒಂದೇ. ಸರಿಯಾಗಿ ನಾಟಿದ ಲಸೋಟ ಸಾವನ್ನು ತಡೆಯುತ್ತದೆ. ಸೋಂಕಿದ ಕೋಳಿ ಹಿಕ್ಕೆಯಲ್ಲಿ ವೈರಸ್ ಹೊರಹಾಕುವುದನ್ನು ಮಾತ್ರ ಪೂರ್ತಿ ತಡೆಯದು. ದುಗ್ಗಮ್ಮನ ಜಾತ್ರೆಯ ಹೊತ್ತಿಗೆ ಸಂತೆಯಿಂದ ಸಂತೆಗೆ ಕೋಳಿ ಸಾಗುವಾಗ ಚೆನ್ನಾಗಿ ಕಾಣುವ ಹುಂಜವೂ ರೋಗ ಹೊತ್ತು ತರಬಲ್ಲದು.

ಬ್ಯಾಚ್‌ಗೆ ಬ್ಯಾಚೇ ಸತ್ತಿದೆಯೆಂದರೆ ನಮ್ಮ ಅನುಮಾನ ಮೊದಲು ನೀರಿನ ಟ್ಯಾಂಕಿನ ಮೇಲೆ. ಲಸೋಟವನ್ನು ಕುಡಿಯುವ ನೀರಿನಲ್ಲೂ ಕೊಡುತ್ತಾರೆ; ಬ್ಲೀಚಿಂಗ್ ಪುಡಿ ಹಾಕಿದ ನೀರಿನಲ್ಲಿ ಲಸಿಕೆ ವೈರಸ್ ಸಾಯುತ್ತದೆ. ಕ್ಲೋರಿನ್ ಅನ್ನು 24 ಗಂಟೆ ಮೊದಲೇ ನಿಲ್ಲಿಸಿ, ಲೀಟರಿಗೆ 5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕದಡಿ, ಅರ್ಧ ಗಂಟೆ ಬಿಟ್ಟು ಲಸಿಕೆ ಬೆರೆಸಬೇಕು. ಎರಡು ಗಂಟೆಯೊಳಗೆ ಕುಡಿದು ಮುಗಿಸುವಷ್ಟೇ ನೀರಿರಲಿ. ಚಿತ್ರದುರ್ಗದ ಬೇಸಿಗೆಯಲ್ಲಿ ಇದನ್ನು ನಸುಕಿನಲ್ಲೇ ಮಾಡಬೇಕು. ಕೋಳಿಗಳನ್ನು ಬಾಯಾರಿಸಲು ಅದಕ್ಕೆ ಮೊದಲು ಒಂದು ಗಂಟೆ ನೀರು ತಡೆದರೆ ಸಾಕು. ಗುಂಬೊರೊ ಎಂಬ ಇನ್ನೊಂದು ವೈರಸ್ ರೋಗ ತಗುಲಿ, ರೋಗನಿರೋಧಕ ಶಕ್ತಿಗೆ ಬೇಕಾದ ಬರ್ಸಾ ಗ್ರಂಥಿ ಹಾಳಾದ ಮರಿಗಂತೂ ಲಸೋಟ ಎಷ್ಟು ಕೊಟ್ಟರೂ ನಾಟುವುದು ಕಷ್ಟ.

ಇನ್ನು ಮಾದರಿ. ಲಕ್ಷಣ ಕಂಡ ಎರಡು ಮೂರು ದಿನದೊಳಗೆ, ಆಗತಾನೇ ಸತ್ತ ಕೋಳಿಯ ಮಿದುಳು, ಗುಲ್ಮ, ಶ್ವಾಸನಾಳ ಬೇಕು. ಕರುಳಿನ ತುಂಡು ಬೇರೆ ಡಬ್ಬಿಗೆ. ಮಿದುಳನ್ನು ಬಿಡಬೇಡಿ, ಲಸೋಟ ಅಲ್ಲಿಗೆ ಹೋಗುವುದಿಲ್ಲ. ಫಾರ್ಮಾಲಿನ್‌ನಲ್ಲಿ ಅದ್ದಿದರೆ ಆರ್‌ಎನ್‌ಎ ಕೆಡುತ್ತದೆ. ಥರ್ಮಾಸಿನಲ್ಲಿ ಐಸ್ ಇಟ್ಟೇ ಕಳಿಸಬೇಕು. ಬೆಂಗಳೂರಿನ ಹೆಬ್ಬಾಳದ ಪ್ರಯೋಗಾಲಯದವರೆಗೆ ಐಸ್ ಕರಗದಂತೆ ಒಯ್ಯುವುದೇ ಹಳ್ಳಿಯವರಿಗೆ ದೊಡ್ಡ ತಲೆನೋವು. ಅದಕ್ಕೆ ಎಫ್‌ಟಿಎ ಕಾರ್ಡ್ (ರಾಸಾಯನಿಕ ಲೇಪಿಸಿದ ಕಾಗದ) ಇದೆ. ಅಂಗವನ್ನು ಕೊಯ್ದ ಮುಖವನ್ನು ಕಾರ್ಡಿಗೆ ಒತ್ತಿ, ನೆರಳಲ್ಲಿ ಒಣಗಿಸಿ, ಸಿಲಿಕಾ ಜೆಲ್ ಜತೆ ಕವರಿಗೆ ಹಾಕಿದರೆ ವೈರಸ್ ಸಾಯುತ್ತದೆ, ಆರ್‌ಎನ್‌ಎ ಉಳಿಯುತ್ತದೆ, ಐಸ್ ಬೇಕಿಲ್ಲ. ಒಮ್ಮೆಲೇ ರಾಶಿ ಕೋಳಿ ಸತ್ತರೆ ಮಾತ್ರ ಯಾರೂ ತಾವಾಗಿ ಕೊಯ್ಯಬಾರದು; ಹಕ್ಕಿಜ್ವರವೂ ಹೀಗೇ ಕಾಣುತ್ತದೆ, ಮೊದಲು ಪಶುವೈದ್ಯರಿಗೆ ತಿಳಿಸಿ.

ಈ ಕಾರ್ಡುಗಳನ್ನು ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಇಡಬೇಕು, ವರದಿಯಲ್ಲಿ ಜೀನೋಟೈಪನ್ನೂ ಬರೆದು ಸಾಕಣೆದಾರರ ಕೈಗೆ ಕೊಡಬೇಕು ಎಂದು ಪಶುಪಾಲನಾ ಇಲಾಖೆಯನ್ನು ಕೋರುತ್ತೇವೆ. ಸಾಕಣೆದಾರರು ಮಾದರಿಯ ಚೀಟಿಯಲ್ಲಿ ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ಹಾಕಿದ ದಿನ, ಅದರಲ್ಲೂ ಆರ್2ಬಿ ಚುಚ್ಚಿದ ದಿನಾಂಕವನ್ನು ತಪ್ಪದೇ ಬರೆಯಲಿ.

– ಕೆಲವು ಪಶುವೈದ್ಯರು, ದಾವಣಗೆರೆ