ಪಂಚಾಯಿತಿ ಯೋಜನೆಯಲ್ಲಿ ಮಳೆಗೂ ಒಂದು ಪುಟ ಇಡಿ

ನಮ್ಮ ಗ್ರಾಮ ಪಂಚಾಯಿತಿಯ ಮಾನ್ಯ ಅಧ್ಯಕ್ಷರಿಗೆ ನಮಸ್ಕಾರ.

ಮುಂದಿನ ವರ್ಷದ ಯೋಜನೆಗೆ ಗ್ರಾಮಸಭೆ ಕರೆಯುವ ಹೊತ್ತಾಯಿತು. ಕಳೆದ ಸಲದ ಪಟ್ಟಿ ಓದಿದೆ. ಕಾಂಕ್ರೀಟ್ ರಸ್ತೆ, ಚರಂಡಿ, ಬೀದಿದೀಪ, ಉದ್ಯೋಗ ಖಾತ್ರಿಯಲ್ಲಿ ಇಂಗುಗುಂಡಿ. ಬಯಲುಸೀಮೆಗೆ ಇಂಗುಗುಂಡಿ ಬೇಕೇ ಬೇಕು. ಆದರೆ ನಮ್ಮ ಕೊಡಗಿನ ಕಡಿದಾದ ಬರೆಯ (ಗುಡ್ಡದ ಇಳಿಜಾರಿನ) ಮೇಲೆ ಗುಂಡಿ ತೋಡಿ ನೀರು ನಿಲ್ಲಿಸಿದರೆ ಮಣ್ಣು ಆ ನೀರು ಕುಡಿದು, ಭಾರ ತಾಳದೆ ಜಾರುತ್ತದೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿ ಹೋದಾಗ, ಗುಡ್ಡದ ಮೇಲೆ ತೋಡಿದ್ದ ಇಂಗುಗುಂಡಿಗಳ ಬಗ್ಗೆ ಜಿಲ್ಲೆಯಿಡೀ ಮಾತಾಡಿತ್ತು. ಅದೇ ಕೆಲಸ ನಮ್ಮ ಪಟ್ಟಿಯಲ್ಲಿ ಹೇಗೆ ಬಂತು?

ಇಲ್ಲಿ ಅನೇಕ ತೋಟದ ಮನೆಗಳಲ್ಲಿ ಮಳೆ ಪುಸ್ತಕವಿದೆ. ನಮ್ಮ ಅಪ್ಪನೂ ದಿನಾ ಬೆಳಿಗ್ಗೆ ಮಳೆ ಎಷ್ಟು ಇಂಚು ಬಂತೆಂದು ಬರೆದಿಡುತ್ತಿದ್ದರು. 2018ರ ಆಗಸ್ಟ್ ಪುಟದಲ್ಲಿ ಶಾಯಿ ಒದ್ದೆಯಾಗಿ ಹರಡಿದೆ. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಬೆಟ್ಟಗಳು ಜರಿದ ಆ ದಿನಗಳಲ್ಲಿ ಒಂದು ಸಾಲಿನಲ್ಲಿ ಅಂಕಿಯೇ ಇಲ್ಲ. "ಡಬ್ಬಿ ತುಂಬಿ ಹರಿದಿದೆ, ಅಳತೆ ಸಿಗಲಿಲ್ಲ" ಎಂದಷ್ಟೇ ಇದೆ. ಅದರ ಕೆಳಗೆ: "ಒರತೆ ನೀರು ಕೆಂಪು." ಒರತೆ ಕೆಂಪಾದರೆ ಗುಡ್ಡದೊಳಗಿನ ಮಣ್ಣು ಸಡಿಲವಾಗಿ ನೀರಿನೊಡನೆ ಬರುತ್ತಿದೆ ಎಂದರ್ಥ. ಅದನ್ನು ಕಂಡೇ ಅಪ್ಪ ನಮ್ಮನ್ನೆಲ್ಲ ಮನೆಯಿಂದ ಹೊರಡಿಸಿದ್ದು. ಹಿತ್ತಲ ಬರೆ ಜರಿದಾಗ ಒಳಗೆ ಯಾರೂ ಇರಲಿಲ್ಲ.

ಪಂಚಾಯಿತಿಗೊಂದು ಸರ್ಕಾರಿ ಮಳೆಮಾಪಕ ಇದೆ, ಸರಿ. ಆದರೆ ಗುಡ್ಡದ ನೆತ್ತಿಯ ಮಳೆಯೇ ಬೇರೆ, ಗದ್ದೆ ಬಯಲಿನ ಮಳೆಯೇ ಬೇರೆ. ಈ ಪುಸ್ತಕಗಳನ್ನೆಲ್ಲ ಒಂದು ಮೇಜಿನ ಮೇಲಿಟ್ಟು ನೋಡೋಣ. ಎಷ್ಟು ದಿನಕ್ಕೆ ಎಷ್ಟು ಇಂಚು ಸುರಿದಾಗ ಯಾವ ಬರೆ ಜರಿದಿದೆ, ಯಾವ ತೋಡು (ಹಳ್ಳ) ದಾರಿ ತಪ್ಪಿದೆ ಎಂದು ವಾರ್ಡುವಾರು ಬರೆದಿಡೋಣ. ಆ ಲೆಕ್ಕ ದಾಟಿದ ರಾತ್ರಿ ಯಾರು ಯಾರ ಬಾಗಿಲು ತಟ್ಟಬೇಕು, ಯಾರ ಜೀಪು ಹೊರಡಬೇಕು ಎಂಬುದು ಈಗಲೇ ತೀರ್ಮಾನವಾಗಲಿ.

ಮೊದಲು ತಟ್ಟಬೇಕಾದ್ದು ತೋಟದ ಕಾರ್ಮಿಕರಿರುವ ಲೈನ್ ಮನೆಗಳ ಬಾಗಿಲು. ತೋಟದ ಕೆಲಸಕ್ಕೆ ದೂರದಿಂದ ಬಂದವರಿಗೆ ಇಲ್ಲಿನ ಒರತೆಯ ಬಣ್ಣದ ಅರ್ಥ ತಿಳಿಯದು. ಹಲವರ ಹೆಸರು ನಮ್ಮ ಮತದಾರರ ಪಟ್ಟಿಯಲ್ಲಿಲ್ಲ, ಹಾಗಾಗಿ ಗ್ರಾಮಸಭೆಯಲ್ಲೂ ಅವರ ದನಿ ಇಲ್ಲ. ಇದು ನನಗೆ ತುಂಬಾ ನೋವಿನ ಸಂಗತಿ.

ಇನ್ನೊಂದು ಮಾತು. ಮನೆ ಬಿಟ್ಟು ಬಂದವರಿಗೆ ಆಸರೆ ಕೊಡುವ ಕಾಳಜಿ ಕೇಂದ್ರವೆಂದು ಗುರುತಿಸಿರುವ ಶಾಲೆಯ ದಾರಿ, ಜೆಸಿಬಿ ತಂದು ನೆಟ್ಟಗೆ ಕಡಿದ ಬರೆಯ ಬುಡದಲ್ಲೇ ಹಾದುಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ನೀವೇ ಒಮ್ಮೆ ಅಲ್ಲಿ ನಡೆದು ನೋಡಿ. ಬೇರೆ ಕಟ್ಟಡ ಹುಡುಕಬೇಕು. ಹೊಸದಾಗಿ ಬರೆ ಕಡಿಯಲು ಬರುವ ಅರ್ಜಿಗಳನ್ನೂ ಜಾಗ ನೋಡದೆ ಒಪ್ಪಬೇಡಿ.

ಗ್ರಾಮಸಭೆಗೆ ಅಪ್ಪನ ಪುಸ್ತಕ ತರುತ್ತೇನೆ. ಇನ್ನೂ ನಾಲ್ಕು ಮನೆಯವರು ತರುವುದಾಗಿ ಹೇಳಿದ್ದಾರೆ. ಸಭೆ ಭಾನುವಾರ ಇಟ್ಟರೆ ಲೈನ್ ಮನೆಯವರಿಗೂ ಬರಲಾಗುತ್ತದೆ, ದಯವಿಟ್ಟು ಹಾಗೆ ಮಾಡಿ.

ಇಂತಿ,
ನಿಮ್ಮ ಪಂಚಾಯಿತಿಯ ಒಬ್ಬ ಕಾಫಿ ಬೆಳೆಗಾರ