ಬಲಗಡೆ ಸೀಟಿನವಳಿಗೆ

ಚಿಕ್ಕಬಳ್ಳಾಪುರ

ಚಿ. ಮಾನಸಾಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಮೆಸೇಜು ನಿಧಾನವಾಗಿ ಓದಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಗಾಳಿಗೆ ಹೋಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಅರ್ಥವಾಗಿದ್ದು ಇಷ್ಟು. ಹೊರದೇಶದ ಆ ನಿಲ್ದಾಣದ ಚಾರ್ಟಿನಲ್ಲಿ ಎನ್‌ಎಡಿಪಿ ಒಂದು ಅಂತ ಇತ್ತು, ಕೆಳಗಿನವರಿಗೆ ಸದ್ದು ಕಡಿಮೆ ಮಾಡೋಕೆ ಟೇಕಾಫ್ ಆದ ಮೇಲೆ ಏರುವ ಎರಡು ಕ್ರಮಗಳಲ್ಲಿ ಒಂದನೆಯದು. ಅಂದರೆ ನೆಲದಿಂದ 3000 ಅಡಿ ಏರುವವರೆಗೂ ಸ್ಪೀಡ್ ಹೆಚ್ಚಿಸುವ ಹಾಗಿಲ್ಲ, ರೆಕ್ಕೆಯಿಂದ ಹೊರಚಾಚಿದ ಫ್ಲ್ಯಾಪ್ ಒಳಗೆ ಎಳೆದುಕೊಳ್ಳುವ ಹಾಗಿಲ್ಲ. ಕ್ಯಾಪ್ಟನ್ 1000 ಅಡಿಗೇ ಮೂಗು ತಗ್ಗಿಸಿ ಫ್ಲ್ಯಾಪ್ ಕೇಳಿದರು. ಬಲಗಡೆ ಸೀಟಿನ ಕೋ-ಪೈಲಟ್ ನೀನು, ತುಟಿ ಪಿಟಿಕ್ ಅನ್ನದೆ ಲಿವರ್ ಸರಿಸಿದೆ. ಇರಬೇಕಾದ ಎತ್ತರಕ್ಕಿಂತ ಕೆಳಗೆ ವಿಮಾನ ಮನೆಗಳನ್ನು ದಾಟಿತು. ಅಲ್ಲಿಟ್ಟಿದ್ದ ಸದ್ದಿನ ಮೀಟರ್ ಅದನ್ನು ಹಿಡಿಯಿತು. ಈಗ ಕಂಪನಿ ಇಬ್ಬರಿಂದಲೂ ವಿವರಣೆ ಕೇಳಿದೆ. "ಹಾರಿಸುತ್ತಿದ್ದವರು ಅವರು, ಅದೂ ಬರೀ ಸದ್ದು, ನನ್ನದೇನು ತಪ್ಪು?" ಅಂತ ಕೇಳಿದ್ದೀಯ.

ಬರೀ ಸದ್ದು ಅನ್ನಬೇಡ ಮಗಳೇ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಅದರ ಸುತ್ತ ಮನೆ ಕಟ್ಟಿಕೊಂಡವರನ್ನು ಕೇಳಿ ನೋಡು. ಇಲ್ಲಿ ನಸುಕಿಗೇ ಎದ್ದು ಸೇವಂತಿಗೆ ಬಿಡಿಸಿ ಮಾರ್ಕೆಟ್ಟಿಗೆ ಹೊರಡುವವರಿಗೆ ಮಧ್ಯರಾತ್ರಿಯ ನಿದ್ದೆ ಎಂಥದ್ದು ಅಂತ ನಿನಗೂ ಗೊತ್ತು.

ತಪ್ಪು ಯಾರದು ಅಂತ ಆಫೀಸಿನವರು ನೋಡಿಕೊಳ್ಳಲಿ. ನನಗೆ ಚುಚ್ಚಿದ್ದು ನೀನು ಸುಮ್ಮನಿದ್ದದ್ದು. ಅವರು ಹಾರಿಸುವಾಗ ನೋಡುತ್ತಿರುವುದೇ ನಿನ್ನ ಕೆಲಸ. ನೋಡಿದ್ದನ್ನು ಹೇಳದಿದ್ದರೆ ಆ ಸೀಟಿನಲ್ಲಿ ಇನ್ನೊಬ್ಬರು ಯಾಕೆ ಬೇಕು? ಹಿರಿಯರು, ಬೇಜಾರು ಮಾಡಿಕೊಂಡಾರು ಅನ್ನೋ ದಾಕ್ಷಿಣ್ಯ ನಮ್ಮ ಮನೆಯಲ್ಲೇ ನಿನಗೆ ಕಲಿಸಿದ್ದು, ನಿಜ. ಅದು ಮದುವೆ ಮನೆಯಲ್ಲಿ ಇರಲಿ.

1978ರ ಡಿಸೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಹತ್ತಿರ ಒಂದು ಡಿಸಿ-8 ವಿಮಾನ ಲ್ಯಾಂಡಿಂಗ್ ಗೇರಿನ ಚಿಂತೆಯಲ್ಲಿ ಸುಮಾರು ಒಂದು ಗಂಟೆ ಸುತ್ತಿತು. ಇಂಧನ ಕರಗುತ್ತಿದೆ ಅಂತ ಪಕ್ಕದಲ್ಲಿದ್ದವರಿಗೆ ಗೊತ್ತಿತ್ತು. ಎಷ್ಟು ಉಳಿದಿದೆ ಅಂತಲೂ ಹೇಳಿದರು. ಈಗಲೇ ಇಳಿಯಬೇಕು ಅಂತ ಖಡಾಖಂಡಿತವಾಗಿ ಹೇಳಲಿಲ್ಲ. ಇಂಜಿನ್‌ಗಳು ನಿಂತುಹೋದವು, 10 ಜನ ಹೋದರು. ಮುಂದಿನ ವರ್ಷ ನಾಸಾ ಈ ವಿಷಯಕ್ಕೇ ಒಂದು ಕಾರ್ಯಾಗಾರ ನಡೆಸಿತು. ಕಾಕ್‌ಪಿಟ್ಟಿನಲ್ಲಿ ಒಬ್ಬರಿಗೊಬ್ಬರು ಹೇಳಿ ಕೇಳಿ ಕೆಲಸ ಮಾಡೋದು ಹೇಗೆ ಅಂತ ಕಲಿಸುವ, ನೀನು ಆಕಳಿಸುತ್ತಾ ಕೂರುವ ಸಿಆರ್‌ಎಂ ತರಗತಿಯ ಬೇರು ಅಲ್ಲಿದೆ. ಈ ಸಲ ಫ್ಲ್ಯಾಪ್ ಬೇಗ ಎಳೆದದ್ದರಿಂದ ಯಾರೂ ಸಾಯಲಿಲ್ಲ, ಒಪ್ಪಿದೆ. ಆದರೆ ಪ್ರಾಣಕ್ಕೆ ಕುತ್ತಿಲ್ಲದಾಗಲೇ ಮಾತು ಹೊರಡದ ಗಂಟಲಿಂದ ಕುತ್ತು ಬಂದಾಗ ಹೊರಡುತ್ತಾ?

ಹಾಗಂತ ಅಲ್ಲಿ ವಾದಕ್ಕೆ ಇಳಿಯಬೇಡ. "ಕ್ಯಾಪ್ಟನ್, ಇಲ್ಲಿ ಎನ್‌ಎಡಿಪಿ ಒಂದು, ನೆಲದಿಂದ 3000 ಅಡಿವರೆಗೂ ಈ ಸ್ಪೀಡೇ ಇರಲಿ" ಅಂತ ಒಂದು ಸಲ ಸ್ಪಷ್ಟವಾಗಿ ಹೇಳು. ಅಂಕಿಯೂ ಇರಬೇಕು, ಏನಾಗಬೇಕು ಅನ್ನೋದೂ ಇರಬೇಕು. "ಸರ್, ಸ್ವಲ್ಪ ಬೇಗ ಆಯ್ತೇನೋ" ಅಂತ ಸುತ್ತಿ ಬಳಸಿ ಹೇಳಿದರೆ ಇಂಜಿನ್ ಸದ್ದಿನಲ್ಲೇ ಮುಳುಗಿಹೋಗುತ್ತೆ. ಹೇಳಿದ ಮೇಲೂ ಮೂಗು ತಗ್ಗಿಯೇ ಇದ್ದು ಸ್ಪೀಡ್ ಏರುತ್ತಿದ್ದರೆ, ಫ್ಲ್ಯಾಪ್ ಲಿವರ್ ಹಿಡಿದುಕೊಂಡು ಹಠ ಮಾಡಬೇಡ. ಹೊರಚಾಚಿದ ಫ್ಲ್ಯಾಪ್ ತಾಳಿಕೊಳ್ಳುವ ಸ್ಪೀಡಿಗೂ ಮಿತಿ ಇದೆ. ಸದ್ದಿನ ನಿಯಮ ಉಳಿಸೋಕೆ ಹೋಗಿ ವಿಮಾನಕ್ಕೆ ತೊಂದರೆ ಮಾಡಿಕೊಳ್ಳೋದು ಜಾಣತನ ಅಲ್ಲ. ಉಳಿದ ಮಾತು ಮೇಲೆ ಹೋದ ಮೇಲೆ, ಕೆಲಸ ಹಗುರಾದಾಗ.

ಅವರಿಗೆ ಕಾರಣವೂ ಇರಬಹುದು. ಇಂಜಿನ್ ಕೈಕೊಟ್ಟರೆ, ಹಕ್ಕಿ ಬಡಿದರೆ, ಎದುರಿಗೆ ಗುಡುಗು ಮೋಡ ನಿಂತಿದ್ದರೆ ಸದ್ದಿನ ಕ್ರಮ ಬದಿಗಿಡುವ ಅಧಿಕಾರ ಕ್ಯಾಪ್ಟನ್‌ಗೆ ಇದ್ದೇ ಇದೆ. ಸುರಕ್ಷತೆ ಮೊದಲು ಅಂತ ನಿಯಮವೇ ಹೇಳುತ್ತೆ. ಆಗ ಒಂದೇ ವಾಕ್ಯದಲ್ಲಿ ಕಾರಣ ಹೇಳುತ್ತಾರೆ, ನೀನು ಟವರಿನವರಿಗೆ 'ಅನೇಬಲ್', ಅಂದರೆ ಆ ಕ್ರಮ ಪಾಲಿಸೋಕೆ ಆಗಲ್ಲ ಅಂತ ತಿಳಿಸುತ್ತೀಯ, ಮುಗಿಯಿತು.

ಆದರೆ ನಿಮ್ಮ ವಿಷಯದಲ್ಲಿ ಕಾರಣ ಅಭ್ಯಾಸಬಲ ಅಂತ ನನ್ನ ಊಹೆ. ನಾನು ಕಾಕ್‌ಪಿಟ್ಟಿನವನಲ್ಲ, ನೆಲದ ಮೇಲೆ ಹಾರಾಟದ ಯೋಜನೆ ಸಿದ್ಧ ಮಾಡಿಕೊಡುವ ಡಿಸ್ಪ್ಯಾಚ್ ಮೇಜಿನವನು. "ಸ್ಟ್ಯಾಂಡರ್ಡ್ ಡಿಪಾರ್ಚರ್" ಅಂತ ಒಂದೇ ಉಸಿರಿಗೆ ಬ್ರೀಫಿಂಗ್ ಮುಗಿಸಿ ಹೋಗುವವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರ ಕೈ ದಿನಾ ಮಾಡೋದು ಎನ್‌ಎಡಿಪಿ ಎರಡು. ಅದರಲ್ಲಿ 800 ಅಡಿ ದಾಟಿದ ಮೇಲೆ ಸ್ಪೀಡ್ ಹೆಚ್ಚಿಸಬಹುದು. ದೂರದ ಮನೆಗಳಿಗೆ ಅದು ಒಳ್ಳೆಯದು, ರನ್‌ವೇ ಹತ್ತಿರದವರಿಗೆ ಒಂದನೆಯದು. ಯಾವುದು ಅಂತ ನೆಲದ ಮೇಲೇ ಬಾಯಿಬಿಟ್ಟು ಒಪ್ಪಿಕೊಳ್ಳಿ. ಅಂಕಿಯನ್ನು ಆಲ್ಟಿಮೀಟರಿನಲ್ಲಿ ಕಾಣೋ ಹಾಗೆ ಹೇಳು. ದೇವನಹಳ್ಳಿಯ ನೆಲವೇ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಅಲ್ಲಿಂದ ಇನ್ನೂ 3000 ಏರೋದು ಅಂದರೆ ಆಲ್ಟಿಮೀಟರಿನಲ್ಲಿ 6000 ಅಡಿ, ಅಲ್ವಾ? ಬರೀ "ಮೂರು ಸಾವಿರ" ಅಂದರೆ ಇಬ್ಬರ ತಲೆಯಲ್ಲಿ ಎರಡು ಲೆಕ್ಕ ಓಡುತ್ತಿರುತ್ತೆ.

ವಿವರಣೆಯಲ್ಲಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆ. ಕ್ಯಾಪ್ಟನ್ ತಲೆಗೂ ಕಟ್ಟಬೇಡ, ಅವರನ್ನು ಮುಚ್ಚಿಹಾಕಲೂ ಬೇಡ. ನೀನು ಹೇಳಲಿಲ್ಲ ಅನ್ನೋದೂ ಅದರಲ್ಲಿರಲಿ. ಕಳಿಸುವ ಮುಂಚೆ ಅವರಿಗೊಂದು ಫೋನ್ ಮಾಡಿ, ನಾನು ಹೀಗೆ ಬರೆಯುತ್ತಿದ್ದೇನೆ ಸರ್ ಅಂತ ತಿಳಿಸು. ಬೈದರೆ ಬೈಸಿಕೋ. ಭಾನುವಾರ ಊರಿಗೆ ಬರೋದಾದರೆ ಆ ಚಾರ್ಟಿನ ಪ್ರಿಂಟ್ ತಗೊಂಡು ಬಾ, ಕೂತು ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ